ಹಂಚು, ಬೀಡಿ ಮತ್ತು ಸ್ವಂತ ಸೂರು

ಉಡುಪಿಯ ಸೀಮೆಯಲ್ಲಿ ಬಡವನ ದುಡಿಮೆಯೂ ಅವನ ಮನೆಯೂ ಬಹುಕಾಲ ಒಂದೇ ಹಗ್ಗಕ್ಕೆ ಹೊಸೆದ ಎರಡು ಎಳೆಗಳಂತಿದ್ದುವು. ಕಾಪುವಿನ ಬಯಲಿನಲ್ಲಾಗಲಿ ಕಾರ್ಕಳದ ಗುಡ್ಡದ ತಪ್ಪಲಿನಲ್ಲಾಗಲಿ ಧನಿಯ ಗದ್ದೆಯನ್ನು ಚಾಲಗೇಣಿಗೆ ಹಿಡಿದವನು ಅದರ ಅಂಚಿನಲ್ಲಿಯೇ ಮುಳಿಹುಲ್ಲಿನ ಗುಡಿಸಲನ್ನು ಕಟ್ಟಿಕೊಂಡಿರುತ್ತಿದ್ದನು. ಗೇಣಿ ಬಾಕಿಯಾಗಿ ಒಕ್ಕಲೆಬ್ಬಿಸಿದ ದಿವಸ ಗದ್ದೆಯೊಡನೆ ಗುಡಿಸಲೂ ಕೈತಪ್ಪಿ, ಹಂಡೆ ಚೆಂಬುಗಳನ್ನು ಹೊತ್ತುಕೊಂಡು ಇನ್ನೊಬ್ಬ ಧನಿಯ ಅಂಗಳದಲ್ಲಿ ನಿಲ್ಲುವುದು ಅವನ ಪಾಲಿಗಿತ್ತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ, ಊರವರೆಲ್ಲ ‘ಡಿಕ್ಲರೇಶನ್’ ಎಂದು ಕರೆದ ಆ ಅರ್ಜಿಯ ಬಲದಿಂದ, ಒಕ್ಕಲಿನವನಿಗೇನೋ ನೆಲ ದೊರೆಯಿತು. ಆದರೆ ಗದ್ದೆಯನ್ನು ಬಿಟ್ಟು ಕಾರ್ಖಾನೆಗೆ ನಡೆದವನ ಕಥೆ ಬೇರೆಯದು. ನಾನು ಹೇಳಹೊರಟಿರುವುದು ಅದನ್ನು.

1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನ ಪಾದ್ರಿಗಳಿಗೆ ಬೇಗನೆ ಅರ್ಥವಾದ ಸಂಗತಿಯೊಂದಿತ್ತು. ಮತಾಂತರಗೊಂಡವನಿಗೆ ಜಾತಿಯೊಡನೆ ಕುಲಕಸುಬೂ, ಕಸುಬಿನೊಡನೆ ತಲೆಯ ಮೇಲಣ ಸೂರೂ ತಪ್ಪಿಹೋಗುತ್ತಿದ್ದುದರಿಂದ, ಅವನ ಆತ್ಮದ ಹೊಣೆ ಹೊತ್ತವರು ಅನ್ನದ ಮತ್ತು ಮನೆಯ ಹೊಣೆಯನ್ನೂ ಹೊರದೆ ಗತ್ಯಂತರವಿರಲಿಲ್ಲ. ಮಗ್ಗಗಳು ಬಂದುದು ಹೀಗೆ, ಹಂಚು ಬಂದುದೂ ಹೀಗೆ. ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಕೈಗಾರಿಕೆ 1886ರಲ್ಲಿ ಮಲ್ಪೆಯನ್ನು ತಲುಪಿತು. ಹೊಳೆಯ ದಡದ ಜೇಡಿ, ಘಟ್ಟದ ಸೌದೆ, ಸಾಗಿಸಲು ದೋಣಿ, ಮೂರೂ ಇಲ್ಲಿ ಸುಲಭವಾಗಿದ್ದುವು. ಮೊದಲನೆಯ ಮಹಾಯುದ್ಧದಲ್ಲಿ ಆಂಗ್ಲ ಸರಕಾರವು ಮಿಶನ್ನಿನ ಕೈಗಾರಿಕೆಗಳನ್ನು ವಶಪಡಿಸಿಕೊಂಡಿತು; ತರುವಾಯ ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದುವು. ಧನಿ ಬದಲಾದನು, ಜೇಡಿ ತುಳಿಯುವ ಕಾಲು ಬದಲಾಗಲಿಲ್ಲ.

ಹಂಚಿಗೆ ಸಂಚಕಾರ ಬಂದುದು ಸಿಮೆಂಟಿನ ತಾರಸಿಯಿಂದ. ಮದುವೆಯಾಗುವ ಮನೆಗೆ ತಾರಸಿಯಿರಬೇಕೆಂಬ ಹಂಬಲ ಹಬ್ಬಿದಂತೆಲ್ಲ ಗೂಡುಗಳು ಒಂದೊಂದಾಗಿ ತಣ್ಣಗಾದುವು. ಆ ಕಾಲಕ್ಕೆ ಕಾನೂನು ಕೆಲಸ ಕಳೆದುಕೊಂಡವನನ್ನು ಸಂಪೂರ್ಣ ಬರಿಗೈಯಲ್ಲಿ ಕಳುಹಿಸುತ್ತಿರಲಿಲ್ಲವೆನ್ನಬೇಕು. ಔದ್ಯೋಗಿಕ ವಿವಾದಗಳ ಶಾಸನಕ್ಕೆ 1953ರಲ್ಲಾದ ತಿದ್ದುಪಡಿಯಂತೆ ಪ್ರತಿಯೊಂದು ವರ್ಷದ ಸೇವೆಗೆ 15 ದಿನಗಳ ಸಂಬಳ, ಎಂದರೆ 20 ವರ್ಷ ದುಡಿದವನಿಗೆ 300 ದಿನಗಳದು, ಪರಿಹಾರವಾಗಿ ಸಲ್ಲತಕ್ಕದ್ದಾಗಿತ್ತು; 1972ರ ಗ್ರಾಚ್ಯುಟಿ ಕಾಯಿದೆ ಇದಕ್ಕೆ ಮತ್ತಷ್ಟನ್ನು ಕೂಡಿಸಿತು. ಧನಿಯ ಕೈಮೀರಿದ ಕಾರಣದಿಂದ ಕಾರ್ಖಾನೆ ಮುಚ್ಚಿದರೆ ಪರಿಹಾರವು ಮೂರು ತಿಂಗಳ ಸಂಬಳವನ್ನು ಮೀರಬೇಕಾಗಿಲ್ಲವೆಂದು ಒಂದು ವಿನಾಯಿತಿಯಿತ್ತು. ಆದರೆ ನಷ್ಟವಾಯಿತೆಂಬುದಾಗಲಿ, ಮಾಲು ಮಾರಾಟವಾಗದೆ ರಾಶಿ ಬಿದ್ದಿದೆಯೆಂಬುದಾಗಲಿ ಅಂಥ ಕಾರಣವಲ್ಲವೆಂದು ಅದೇ ಶಾಸನ ಸ್ಪಷ್ಟಪಡಿಸಿತ್ತು. ಅಂಗಳದ ತುಂಬ ಪಾಚಿಗಟ್ಟಿ ನಿಂತ ಹಂಚಿನ ಅಟ್ಟಿಗಳನ್ನು ಕಣ್ಣಾರೆ ಕಂಡವನೇ ಈ ವಾಕ್ಯವನ್ನು ಬರೆದಿರಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನಮ್ಮ ನೆರೆಯಲ್ಲಿದ್ದ ಒಬ್ಬರು ಹೀಗೆ ಇಡಿಗಂಟು ಪಡೆದು ಹೊರಬಂದವರು. ಕಾರ್ಖಾನೆಯ ಬಿಡಾರವನ್ನು ಬಿಟ್ಟು ಬಾಡಿಗೆಯ ಕೋಣೆಗೆ ಬಂದು, ಹಣವನ್ನು ಬ್ಯಾಂಕಿನಲ್ಲಿಟ್ಟು, ಐದು ಸೆಂಟ್ಸು ಜಾಗದಲ್ಲಿ ಮನೆ ಕಟ್ಟುವುದಕ್ಕೆ ಸರಕಾರದ ಸಹಾಯ ಕೇಳಲು ಹೋದರು. ಕಚೇರಿಯ ಗುಮಾಸ್ತನು ಪಾಸ್‌ಬುಕ್ಕನ್ನು ತಿರುವಿ, “ಇಷ್ಟು ದುಡ್ಡು ಇಟ್ಟುಕೊಂಡು ಬಡವ ಅಂದ್ರೆ ಹೇಗೆ ಮಾರಾಯ್ರೆ?” ಎಂದನಂತೆ. ಎರಡು ಮಳೆಗಾಲಗಳಲ್ಲಿ ಅಕ್ಕಿ, ಬಾಡಿಗೆ, ಮಗಳ ಬಾಣಂತನ ಆ ಗಂಟನ್ನು ಕರಗಿಸಿ ಅವರನ್ನು ನಿಯಮಾನುಸಾರ ಬಡವರನ್ನಾಗಿ ಮಾಡಿದುವು. ಆಗ ಹೆಸರು ಪಟ್ಟಿಗೆ ಏರಿತು. ಆದರೆ ಪಂಚಾಂಗ, ಎಂದರೆ ಮನೆಯ ತಳಪಾಯ, ಎಬ್ಬಿಸಿದ ಮೇಲೆಯೇ ಮೊದಲ ಕಂತು ಎಂಬುದು ನಿಯಮ, ಪಂಚಾಂಗಕ್ಕೆ ಬೇಕಾದ ಮುರಕಲ್ಲು ಕೊಳ್ಳಲು ಕೈಯಲ್ಲಿ ಕಾಸಿಲ್ಲ.

ಆ ಪಂಚಾಂಗವನ್ನು ಎಬ್ಬಿಸಿದುದು ಅವರ ಹೆಂಡತಿಯ ಬೀಡಿ. ಕಾರ್ಕಳದ ಕಡೆಯಂತೆ ನಮ್ಮಲ್ಲಿಯೂ ಹೆಂಗಸರು ಮಡಿಲಲ್ಲಿ ಗೆರಸೆಯಿಟ್ಟು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ, ಬೀಡಿ ಧನಿಯ ಬ್ರಾಂಚಿಗೆ ಎಣಿಸಿಕೊಟ್ಟು ಸಾವಿರದ ಲೆಕ್ಕದಲ್ಲಿ ಮಜೂರಿ ಪಡೆಯುವವರು. ಹಂಚಿನವನಿಗೆ ಧನಿಯು ಬಿಡಾರ ಕೊಟ್ಟಿದ್ದರೆ, ಇಲ್ಲಿ ಧನಿಗೆ ಕಾರ್ಖಾನೆಯ ಮಾಡನ್ನು ಕೊಟ್ಟವಳು ಕೆಲಸದಾಕೆಯೇ. ಅವಳ ಜಗಲಿಯೇ ಕಾರ್ಖಾನೆ. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರೂ ಭವಿಷ್ಯನಿಧಿಗೆ ಅರ್ಹರಾದ ನೌಕರರೇ ಎಂದು ಸುಪ್ರೀಂ ಕೋರ್ಟು 1985ರಲ್ಲಿ ತೀರ್ಪಿತ್ತಿತು. ಅದಕ್ಕೂ ಮೊದಲೇ, 1976ರ ಕಾನೂನಿನಿಂದ, ಬೀಡಿಯ ಮೇಲಣ ಸುಂಕದಿಂದಲೇ ಒಂದು ಕಲ್ಯಾಣನಿಧಿ ಏರ್ಪಟ್ಟು, ಅದರಿಂದ ಮನೆಗೆ ಸಹಾಯಧನವೂ ದೊರೆಯತೊಡಗಿತು. 2016ರ ಪರಿಷ್ಕೃತ ಯೋಜನೆಯಲ್ಲಿ ಅದು 1,50,000 ರೂಪಾಯಿಗೆ ಏರಿ, ಮೂರು ಕಂತುಗಳಲ್ಲಿ ಬರುವಂತಾಯಿತು.

ಅವರ ಮನೆ ಮುಗಿದಾಗ ಒಕ್ಕಲಿನ ಊಟಕ್ಕೆ ನಾನೂ ಹೋಗಿದ್ದೆ. ಮೇಲೆ ಸಿಮೆಂಟಿನ ತಾರಸಿ. ಹಿಂಭಾಗದ ಬಚ್ಚಲಿಗೆ ಮಾತ್ರ ಹಳೆಯ ಹಂಚು ಹೊದಿಸಿದ್ದರು. ಉಳಿದ ಒಂದೆರಡನ್ನು ಅಂಗಳದಲ್ಲಿ ಒರಗಿಸಿಟ್ಟಿದ್ದುದರಲ್ಲಿ ಒಂದನ್ನೆತ್ತಿ ಮಗುಚಿದರೆ, ಬಾಸೆಲ್ ಮಿಶನ್ ಎಂಬ ಉಬ್ಬಕ್ಷರಗಳೂ ಅವುಗಳ ಜತೆಯಲ್ಲಿ 1865 ಎಂಬ ಅಂಕೆಯೂ ಇನ್ನೂ ಕೈಗೆ ತಾಗುತ್ತಿದ್ದುವು. ಮನೆಯ ಯಜಮಾನರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿದು ನಾದವನ್ನು ಆಲಿಸಿ, “ಇದು ಸರಿಯಾಗಿ ಬೆಂದದ್ದು” ಎಂದು ಮತ್ತೆ ಗೋಡೆಗೆ ಒರಗಿಸಿದರು.