ಹಡಪದಿಂದ ಕುರ್ಚಿಗೆ: ನಮ್ಮೂರ ಕಟಿಂಗ್ ಅಂಗಡಿಯ ದಾರಿ

ಇಂದು ಮನಗೂಳಿಯಲ್ಲಿ ನಾವು ಕಟಿಂಗ್ ಅಂಗಡಿಗೆ ಹೋಗುತ್ತೇವೆ. ಬೆಂಚಿನ ಮೇಲೆ ಪಾಳಿ ಕಾಯುತ್ತೇವೆ, ಪೇಪರ್ ಓದುತ್ತೇವೆ, ಮಳೆ-ಬೆಳೆ ಮಾತಾಡುತ್ತೇವೆ. ಕುರ್ಚಿ ಖಾಲಿಯಾದಾಗ ಕೂತು, ಕೆಲಸ ಮುಗಿದ ಮೇಲೆ ರೊಕ್ಕ ಕೊಟ್ಟು ಬರುತ್ತೇವೆ. ಇಷ್ಟು ಸರಳ ವಿಷಯದ ಹಿಂದೆ ದೊಡ್ಡ ಇತಿಹಾಸವಿದೆ.

ಹಿಂದೆ ಊರಲ್ಲಿ ಇಂಥ ಅಂಗಡಿ ಇರಲಿಲ್ಲ. ಹಡಪದವರೇ ಕತ್ತಿ, ಕತ್ತರಿ, ಬಾಚಣಿಕೆ, ಸಾಣೆಕಲ್ಲು ತುಂಬಿದ ಚೀಲ ಹಿಡಿದು ಮನೆಗೆ ಬರುತ್ತಿದ್ದರು. ಆ ಚೀಲಕ್ಕೆ ಹಡಪ ಎಂದೇ ಹೆಸರು. ಕಟ್ಟೆಯ ಮೇಲೋ ಬೇವಿನ ಮರದ ನೆರಳಲ್ಲೋ ಕೆಲಸ ನಡೆಯುತ್ತಿತ್ತು. ವರ್ಷವಿಡೀ ದುಡಿದದ್ದಕ್ಕೆ ಕೂಲಿ ಸಿಗುತ್ತಿದ್ದುದು ಜೋಳದ ರಾಶಿಯಾದಾಗ, ಕಣದಲ್ಲಿ. ಬಡಿಗೇರ, ಕಂಬಾರರಂತೆ ಅವರೂ ಆಯಗಾರರು. ಮಳೆ ಕೈಕೊಟ್ಟ ವರ್ಷ ಆಯವೂ ಕಡಿಮೆ. ಜವಳಕ್ಕೂ ಮದುವೆಗೂ ಅವರು ಬೇಕಿತ್ತು. ಆದರೂ ಅವರ ಕಸುಬಿನ ಹೆಸರನ್ನೇ ಊರು ಬೈಗುಳ ಮಾಡಿಕೊಂಡಿತು.

ಇದಕ್ಕೆ 12ನೇ ಶತಮಾನದಲ್ಲೇ ಉತ್ತರ ಕೊಟ್ಟ ನೆಲ ನಮ್ಮದು. ಹಡಪದ ಅಪ್ಪಣ್ಣ ಬಸವಣ್ಣನವರ ಆಪ್ತರಾಗಿದ್ದರು. ಅವರೂ ಅವರ ಹೆಂಡತಿ ಲಿಂಗಮ್ಮನವರೂ ವಚನ ಬರೆದರು. ಅಪ್ಪಣ್ಣನವರ ಊರು ಬಾಗೇವಾಡಿ ಭಾಗದ ಮಸಬಿನಾಳ ಎಂಬ ನಂಬಿಕೆ ಇಲ್ಲಿದೆ. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ ಅವರ ಹೆಸರಿನ ಪೀಠವಿದೆ.

ಆಯದ ಪದ್ಧತಿಯಲ್ಲಿ ಇನ್ನೊಂದು ತಪ್ಪಿತ್ತು. ಆ ಹಡಪ ದಲಿತರ ಕೇರಿಗೆ ಹೋಗುತ್ತಿರಲಿಲ್ಲ. ಅವರು ತಮ್ಮತಮ್ಮಲ್ಲೇ ಕೂದಲು ಕತ್ತರಿಸಿಕೊಳ್ಳಬೇಕಿತ್ತು, ಇಲ್ಲವೇ ಗುರುತಿಲ್ಲದ ಪಟ್ಟಣಕ್ಕೆ ಹೋಗಬೇಕಿತ್ತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಆ ಕಾರಣಕ್ಕೆ ಅಂಗಡಿಯೊಳಗೆ ಬಿಡದಿರುವುದು, ಸೇವೆ ನಿರಾಕರಿಸುವುದು ಅಪರಾಧ ಎಂದು 1955ರ ಕಾಯ್ದೆ ಹೇಳಿತು.

ರಸ್ತೆಬದಿಗೆ ಅಂಗಡಿ ಬಂದಾಗ ಲೆಕ್ಕ ಬದಲಾಯಿತು. ಜೋಳದ ಬದಲು ರೊಕ್ಕ ಬಂತು. ಹಡಪದವರು ಯಾರ ಮನೆಬಾಗಿಲಿಗೂ ಹೋಗಬೇಕಿಲ್ಲ, ಗಿರಾಕಿಯೇ ಅವರಲ್ಲಿಗೆ ಬರಬೇಕು. ಮೊದಲು ಬಂದವರಿಗೆ ಮೊದಲ ಪಾಳಿ ಎಂಬುದು ಅಂಗಡಿಯ ನೇಮ.

ಆದರೆ ಈ ನೇಮ ಎಲ್ಲ ಕಡೆ ಗೆದ್ದಿಲ್ಲ. 2020ರ ನವೆಂಬರ್‌ನಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆಯಿಂದ ಒಂದು ಸುದ್ದಿ ಬಂತು. ದಲಿತರಿಗೆ ಕಟಿಂಗ್ ಮಾಡಿದ್ದಕ್ಕೆ ತಮಗೆ ದಂಡ ಹಾಕಿ ಬಹಿಷ್ಕಾರ ಮಾಡಿದ್ದಾರೆಂದು ಅಲ್ಲಿನ ಅಂಗಡಿಯವರೊಬ್ಬರು ದೂರಿದ್ದರು. ಎಷ್ಟೋ ಸಲ ಬಾಗಿಲು ಮುಚ್ಚಿಸುವುದು ಅಂಗಡಿಯವರ ಮನಸ್ಸಲ್ಲ, “ಅವರು ಬಂದರೆ ನಾವು ಬರೋದಿಲ್ಲ” ಎನ್ನುವ ಗಿರಾಕಿಗಳ ಬೆದರಿಕೆ. ಆಗ ಹೊಡೆತ ಇಬ್ಬರಿಗೂ: ದಲಿತ ಗಿರಾಕಿಗೆ ಅವಮಾನ, ಅಂಗಡಿಯವರಿಗೆ ಹೊಟ್ಟೆಯ ಮೇಲೆ ಬರೆ.

ಹಾಗಾಗಿ ಓದುಗರೇ, ಕಾನೂನು ಪೊಲೀಸರ ಕೈಯಲ್ಲಿ ಮಾತ್ರ ಇಲ್ಲ, ಬೆಂಚಿನ ಮೇಲೆ ಕೂತ ನಮ್ಮ ಕೈಯಲ್ಲೂ ಇದೆ. ನಮ್ಮ ಮುಂದೆ ಪಾಳಿ ಹಿಡಿದವರು ಯಾವ ಕೇರಿಯವರೇ ಆಗಲಿ, ಕುರ್ಚಿ ಮೊದಲು ಅವರದು.