ರೂಟರ್ ಕೈಕೊಟ್ಟರೂ ಪ್ರಿಂಟರ್, ಬಿಲ್ಲಿಂಗ್ ನಿಲ್ಲದಂತೆ ನೋಡಿಕೊಳ್ಳೋದು ಹೇಗೆ? ಇಲ್ಲಿದೆ ಮಾಹಿತಿ

ಸಿಂಧನೂರು: ಕರೆಂಟ್ ಹೋಗಿ ಬಂದಾಗ ರೂಟರ್ ಕೈಕೊಟ್ಟರೆ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಝೆರಾಕ್ಸ್ ಅಂಗಡಿ, ಆನ್‌ಲೈನ್ ಸೆಂಟರ್, ಗೊಬ್ಬರದ ಅಂಗಡಿ, ರೈಸ್ ಮಿಲ್ ಆಫೀಸುಗಳಲ್ಲಿ ಕೇಳಿಬರೋ ಮಾತು ಒಂದೇ: ‘ಸರ್ವರ್ ಇಲ್ರೀ, ನಾಳೆ ಬರ್ರಿ’. ತುರ್ವಿಹಾಳದಿಂದಲೋ ಮುದಗಲ್‌ನಿಂದಲೋ ಕೆಲಸ ಬಿಟ್ಟು ಬಂದವರಿಗೆ ಆ ‘ನಾಳೆ’ ಅಂದ್ರೆ ಇನ್ನೊಂದು ದಿನದ ಕೂಲಿ ಹೋದಂಗೆ.

ಪಹಣಿ ತೆಗೆಯೋಕೆ, ಅರ್ಜಿ ಸಲ್ಲಿಸೋಕೆ ಇಂಟರ್ನೆಟ್ ಬೇಕೇ ಬೇಕು. ಆದರೆ ಡೌನ್‌ಲೋಡ್ ಆಗಿರುವ ಫಾರಂ ಪ್ರಿಂಟ್ ಮಾಡೋಕೆ, ಒಂದು ಕಂಪ್ಯೂಟರಿನ ಲೆಕ್ಕ ಇನ್ನೊಂದರಲ್ಲಿ ತೆಗೆಯೋಕೆ ಅದು ಬೇಕಿಲ್ಲ. ಈ ಕೆಲಸ ನಡೆಯೋದು ಅಂಗಡಿಯೊಳಗಿನ ಕೇಬಲ್ ಮೇಲೆ.

ಹಂಗಾದ್ರೆ ಪ್ರಿಂಟ್ ಯಾಕೆ ನಿಲ್ಲುತ್ತೆ?

ಪ್ರತಿ ಕಂಪ್ಯೂಟರ್, ಪ್ರಿಂಟರ್‌ಗೂ ಒಂದು ಐಪಿ ವಿಳಾಸ ಇರುತ್ತೆ. ಅದನ್ನು ಹಂಚೋದು ರೂಟರ್‌ನೊಳಗಿನ ಡಿಎಚ್‌ಸಿಪಿ ಸರ್ವರ್. ವಿಳಾಸ ಸಿಗೋದು ಕಾಯಂ ಆಗಲ್ಲ, ಗಡುವಿನ ಮೇಲೆ. ಅರ್ಧ ಗಡುವು ಮುಗಿದಾಗ ಕಂಪ್ಯೂಟರ್ ಅದನ್ನು ನವೀಕರಿಸೋಕೆ ಕೇಳುತ್ತೆ. ಉತ್ತರ ಬರದಿದ್ದರೂ ಗಡುವು ತೀರೋವರೆಗೂ ಹಳೇ ವಿಳಾಸದಲ್ಲೇ ಕೆಲಸ ನಡೆಯುತ್ತೆ.

ರೂಟರ್ ಇಲ್ಲದ ಹೊತ್ತಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೆ ತೊಂದರೆ. ಹಂಚುವವರು ಸಿಗದೆ ವಿಂಡೋಸ್ ತಾನೇ 169.254ರಿಂದ ಶುರುವಾಗುವ ವಿಳಾಸ ಹಾಕಿಕೊಳ್ಳುತ್ತೆ. ಪ್ರಿಂಟರ್ ಮಾತ್ರ ಹಳೇ 192.168 ಸಾಲಿನಲ್ಲೇ ಉಳಿದಿರುತ್ತೆ. ಒಂದೇ ಟೇಬಲ್ ಮೇಲಿದ್ದರೂ ಎರಡಕ್ಕೂ ಮಾತುಕತೆ ಬಂದ್. ಅದಕ್ಕೇ ನೆಟ್ ಹೋದ ಕೂಡಲೇ ಎಲ್ಲಾ ಆಫ್ ಮಾಡಿ ಆನ್ ಮಾಡೋ ರೂಢಿ ಬಿಡಬೇಕು.

ಮೊದಲೇ ಮಾಡಿಟ್ಟುಕೊಳ್ಳಬೇಕಾದ ಕೆಲಸ

ರೂಟರ್ ಸರಿ ಇದ್ದಾಗಲೇ ಇವನ್ನು ಮಾಡಿಡಿ. ಇಲ್ಲಿನ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ರೂಟರ್ 192.168.0 ಸಾಲಿನಲ್ಲಿದ್ದರೆ ಅದನ್ನೇ ಹಾಕಿ.

1. ಪ್ರತ್ಯೇಕ ಸ್ವಿಚ್: ಕೇಬಲ್‌ಗಳೆಲ್ಲ ರೂಟರ್‌ಗೇ ಹೋಗಿದ್ದರೆ, ಅದು ಸತ್ತ ಕೂಡಲೇ ಒಳಗಿನ ನೆಟ್‌ವರ್ಕೂ ಸತ್ತಂಗೆ. ಕಂಪ್ಯೂಟರ್, ಪ್ರಿಂಟರ್‌ಗಳನ್ನು ಸಣ್ಣ ಸ್ವಿಚ್‌ಗೆ ಜೋಡಿಸಿ, ಅಲ್ಲಿಂದ ಒಂದು ಕೇಬಲ್ ರೂಟರ್‌ಗೆ ಎಳೆಯಿರಿ. ವೈಫೈ ಪ್ರಿಂಟರ್‌ಗೆ ಲ್ಯಾನ್ ಪೋರ್ಟ್ ಇದ್ದರೆ ಕೇಬಲ್ಲೇ ಹಾಕಿ.

2. ಪ್ರಿಂಟರ್‌ಗೆ ಕಾಯಂ ವಿಳಾಸ: ರೂಟರ್ ಸೆಟ್ಟಿಂಗ್‌ನಲ್ಲಿ ಹಂಚುವ ವಿಳಾಸಗಳನ್ನು 100ರಿಂದ 200ರವರೆಗೆ ಎಂದು ಮಿತಿ ಮಾಡಿ. ಪ್ರಿಂಟರ್‌ಗೆ ಅದರ ಮೆನುವಿನಿಂದಲೇ 192.168.1.50 ಅಂತ ಕೊಡಿ. ಹಂಚುವ ಸಾಲಿನೊಳಗಿನ ವಿಳಾಸ ಕೊಟ್ಟರೆ ಅದೇ ನಂಬರ್ ಇನ್ನೊಬ್ಬರಿಗೂ ಸಿಕ್ಕಿ ಗೊಂದಲ ಆಗುತ್ತೆ. ಕಂಪ್ಯೂಟರ್‌ಗಳಲ್ಲೂ ಪ್ರಿಂಟರನ್ನು ಇದೇ ವಿಳಾಸದಿಂದ ಸೇರಿಸಿ.

3. ಕಂಪ್ಯೂಟರ್‌ಗೆ ಬದಲಿ ವಿಳಾಸ: ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ನೆಟ್‌ವರ್ಕ್ ಕನೆಕ್ಷನ್ಸ್ ತೆರೆಯಿರಿ. ಈಥರ್ನೆಟ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ, ಇಂಟರ್ನೆಟ್ ಪ್ರೋಟೋಕಾಲ್ ವರ್ಷನ್ 4 ಆರಿಸಿ ಮತ್ತೆ ಪ್ರಾಪರ್ಟೀಸ್ ಒತ್ತಿ. ‘ಆಲ್ಟರ್ನೇಟ್ ಕಾನ್ಫಿಗರೇಷನ್’ ಟ್ಯಾಬ್‌ನಲ್ಲಿ ‘ಯೂಸರ್ ಕಾನ್ಫಿಗರ್ಡ್’ ಆರಿಸಿ 192.168.1.11, ಸಬ್‌ನೆಟ್ ಮಾಸ್ಕ್ 255.255.255.0 ಹಾಕಿ. ಮುಂದಿನ ಕಂಪ್ಯೂಟರ್‌ಗೆ 12, ಅದರ ಮುಂದಿನದಕ್ಕೆ 13. ರೂಟರ್ ಇದ್ದಾಗ ಎಂದಿನಂತೆ ನಡೆಯುತ್ತೆ, ಇಲ್ಲದಾಗ ಮಾತ್ರ ಈ ವಿಳಾಸ ಜಾರಿಗೆ ಬರುತ್ತೆ.

ಅಲ್ಲಿ ಡೀಫಾಲ್ಟ್ ಗೇಟ್‌ವೇ ಖಾಲಿ ಬಿಡಿ. ಆಗ ಪ್ರಿಂಟ್ ಕೇಬಲ್‌ನಿಂದ, ಇಂಟರ್ನೆಟ್ ಮೊಬೈಲ್ ಹಾಟ್‌ಸ್ಪಾಟ್‌ನಿಂದ, ಎರಡೂ ಒಟ್ಟಿಗೆ ನಡೀತವೆ. ಡೆಸ್ಕ್‌ಟಾಪ್‌ಗೆ ವೈಫೈ ಇಲ್ಲದಿದ್ದರೆ ಯುಎಸ್‌ಬಿ ಟೆಥರಿಂಗ್ ಸಾಕು. ಕಂಪ್ಯೂಟರನ್ನು ಬರೀ ಹಾಟ್‌ಸ್ಪಾಟ್‌ಗೆ ಜೋಡಿಸಿ ಲ್ಯಾನ್ ಕೇಬಲ್ ಕಿತ್ತರೆ ಪ್ರಿಂಟರ್ ಕಾಣಲ್ಲ.

ಕೈಕೊಟ್ಟ ದಿನ ನೋಡಬೇಕಾದ್ದು

ಮೊದಲು ಸ್ವಿಚ್‌ನ ಲೈಟ್ ನೋಡಿ. ಲೈಟ್ ಇಲ್ಲದಿದ್ದರೆ ಕೇಬಲ್ ಅಥವಾ ಅಡಾಪ್ಟರ್ ಸಮಸ್ಯೆ, ವಿಳಾಸದ್ದಲ್ಲ. ಲೈಟ್ ಇದ್ದರೆ ಕಂಪ್ಯೂಟರ್‌ನ ಐಪಿ ನೋಡಿ. 169.254 ಅಂತಿದ್ದರೆ ವಿಳಾಸ ಹಂಚುವ ಸರ್ವರ್ ಸಿಕ್ಕಿಲ್ಲ ಅಂತ ಅರ್ಥ. ವಿಳಾಸ ಸರಿ ಇದ್ದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ತೊಂದರೆ ಇಂಟರ್ನೆಟ್ ಲೈನ್‌ನಲ್ಲೋ ಆ ವೆಬ್‌ಸೈಟ್‌ನಲ್ಲೋ ಇರಬೇಕು.

ಗಡಿಬಿಡಿಯಲ್ಲಿ ಹಳೇ ರೂಟರ್ ತಂದು ಸ್ವಿಚ್‌ಗೆ ಚುಚ್ಚಿದರೆ, ಮೊದಲಿನದು ಸರಿಯಾದ ಮೇಲೆ ತೆಗೆಯೋದು ಮರೀಬೇಡಿ. ಇಬ್ಬರೂ ವಿಳಾಸ ಹಂಚೋಕೆ ಶುರು ಮಾಡಿದರೆ ಅರ್ಧ ಕಂಪ್ಯೂಟರ್ ನಡೆದು ಅರ್ಧ ನಿಲ್ತವೆ.

ಕರೆಂಟ್ ಬಂದಾಗ ರೂಟರ್ ಮೊದಲು, ಅದು ಪೂರ್ತಿ ಚಾಲೂ ಆದ ಮೇಲೆ ಕಂಪ್ಯೂಟರ್ ಆನ್ ಮಾಡಿ. ರೂಟರ್ ಮತ್ತು ಸ್ವಿಚ್ ಎರಡನ್ನೂ ಇನ್ವರ್ಟರ್ ಲೈನ್‌ಗೆ ಹಾಕಿದರೆ ಇನ್ನೂ ಒಳ್ಳೇದು.

ಯಾವ ಯಂತ್ರಕ್ಕೆ ಯಾವ ವಿಳಾಸ ಅಂತ ಒಂದು ಚೀಟಿ ಬರೆದು ಪ್ರಿಂಟರ್ ಪಕ್ಕ ಅಂಟಿಸಿಡಿ. ಮಾಲೀಕರು ಇಲ್ಲದ ದಿನವೂ ಅಂಗಡಿ ಹುಡುಗ ಅದನ್ನು ನೋಡಿ ಕೆಲಸ ಮುಂದುವರಿಸಬಹುದು.