ಪಠ್ಯ ಸಂಪಾದಕದ ಪ್ಲಗಿನ್‌ಗಳಲ್ಲಿ ಭಾಷಾ ಆವೃತ್ತಿಯ ಹೊಂದಾಣಿಕೆ

ಪ್ರೋಗ್ರಾಮಿಂಗ್ ಭಾಷೆಯ ಆವೃತ್ತಿ ಬದಲಾದಾಗಲೂ ಪಠ್ಯ ಸಂಪಾದಕದ ಪ್ಲಗಿನ್ ಕೆಟ್ಟು ಕೂರದಂತೆ ನೋಡಿಕೊಳ್ಳುವ ವಿಧಾನಗಳಿಗೆ ಆವೃತ್ತಿ ಹೊಂದಾಣಿಕೆ ಎನ್ನುತ್ತಾರೆ. ಸ್ವತಂತ್ರ ಪ್ರೋಗ್ರಾಂ ಬರೆಯುವವರು ಬೇಕಾದ ಆವೃತ್ತಿಯನ್ನು ಆರಿಸಿಕೊಳ್ಳಬಹುದು. ಪ್ಲಗಿನ್ ಬರೆಯುವವರಿಗೆ ಸಾಮಾನ್ಯವಾಗಿ ಆ ಸ್ವಾತಂತ್ರ್ಯವಿಲ್ಲ. ಸಂಪಾದಕ ಒದಗಿಸಿದ್ದರಲ್ಲೇ ಓಡಿಸಬೇಕು.

ಇದರ ಪ್ರಸಿದ್ಧ ಪ್ರಸಂಗ ಪೈಥಾನ್‌ನದು. ಪೈಥಾನ್ 3 ಬಂದದ್ದು 2008ರ ಡಿಸೆಂಬರ್‌ನಲ್ಲಿ. ವಿಮ್ ಸಂಪಾದಕ ಅದಕ್ಕೆ ಬೆಂಬಲ ಕೊಟ್ಟದ್ದು 2010ರ 7.3 ಆವೃತ್ತಿಯಲ್ಲಿ, ಪೈಥಾನ್ 2ರ ಅಧಿಕೃತ ಬೆಂಬಲ ನಿಂತದ್ದು 2020ರ ಜನವರಿ 1ಕ್ಕೆ. ನಡುವಿನ ವರ್ಷಗಳಲ್ಲಿ ಪ್ಲಗಿನ್‌ಗಳು ಯಾವ ಪೈಥಾನ್ ಇದೆಯೆಂದು ಮೊದಲು ವಿಚಾರಿಸಿಕೊಂಡೇ ಮುಂದುವರಿಯಬೇಕಿತ್ತು. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಒಂದೇ ವಿಮ್‌ನೊಳಗೆ ಎರಡೂ ಒಟ್ಟಿಗೆ ಓಡುತ್ತಿರಲಿಲ್ಲ. ಒಂದು ಪ್ಲಗಿನ್ 3ನ್ನು ಕರೆದ ಮೇಲೆ ಇನ್ನೊಂದು 2ನ್ನು ಕರೆದರೆ ‘ಇ836’ ದೋಷ ಕಾಣಿಸಿಕೊಳ್ಳುತ್ತಿತ್ತು.

ಇಂಥ ದೋಷ ಕಣ್ಣಿಗೆ ಬೀಳುತ್ತದೆ, ಸರಿಪಡಿಸಬಹುದು. ತಾಪತ್ರಯವಿರುವುದು ಸದ್ದಿಲ್ಲದೆ ಕೆಡುವ ಕಡೆ. ಪೈಥಾನ್ 2ರಲ್ಲಿ ವಿಮ್ ಸಾಲಿನ ಪಠ್ಯವನ್ನು ಬೈಟ್‌ಗಳಾಗಿ ಕೊಡುತ್ತಿತ್ತು; 3ರಲ್ಲಿ ಯುನಿಕೋಡ್ ಸಂಕೇತಗಳಾಗಿ ಕೊಡುತ್ತದೆ. ಕರ್ಸರ್‌ನ ಸ್ಥಾನವನ್ನು ಮಾತ್ರ ಎರಡರಲ್ಲೂ ಬೈಟ್ ಲೆಕ್ಕದಲ್ಲೇ ಹೇಳುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್ ಆದ್ದರಿಂದ ಅಲ್ಲಿ ಲೆಕ್ಕ ತಪ್ಪಿದ್ದು ಗೊತ್ತೇ ಆಗುವುದಿಲ್ಲ. ಸಾಲಿನ ಮೊದಲಿಗೆ ಕೋಲಾರ ಸೀಮೆಯ ‘ವೇಮಗಲ್’ ಊರಿನ ಹೆಸರು ಟೈಪಿಸಿ ನೋಡಿ. ವ, ಏ ಸ್ವರಚಿಹ್ನೆ, ಮ, ಗ, ಲ, ಹಲಂತ ಚಿಹ್ನೆ: ಒಟ್ಟು 6 ಸಂಕೇತ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಅಲ್ಲಿಗೆ 18. ಕರ್ಸರ್ ‘ಗ’ ಮೇಲಿದ್ದರೆ ಅದರ ಸ್ಥಾನ 9. ಪೈಥಾನ್ 3ರಲ್ಲಿ ಆ ಪದದ ಮೊದಲ 9 ಸಂಕೇತ ಕೇಳಿದರೆ ಇರುವುದೇ 6. ಹಾಗಾಗಿ ‘ವೇಮ’ ಬರಬೇಕಾದಲ್ಲಿ ಇಡೀ ‘ವೇಮಗಲ್’ ಬರುತ್ತದೆ, ದೋಷಸೂಚನೆಯೂ ಇಲ್ಲ. ಸಾಲನ್ನು ಬೈಟ್‌ಗಳಾಗಿಸಿ, 9ಕ್ಕೆ ಕತ್ತರಿಸಿ, ಮತ್ತೆ ಪಠ್ಯವಾಗಿಸುವುದೇ ಪರಿಹಾರ. ‘2ಟು3’ಯಂಥ ಪರಿವರ್ತಕಗಳು ಹೆಚ್ಚಾಗಿ ವಾಕ್ಯರಚನೆಯನ್ನು ತಿದ್ದುತ್ತವೆ, ಇದನ್ನು ಹಿಡಿಯಲಾರವು. ಪ್ಲಗಿನ್‌ನ ಪರೀಕ್ಷಾ ಕಡತಗಳಲ್ಲಿ ಕನ್ನಡದ ಒಂದಾದರೂ ಸಾಲಿರಬೇಕೆನ್ನುವುದು ಭಾಷಾಭಿಮಾನದ ಮಾತಲ್ಲ.

ಬೇರೆ ಸಂಪಾದಕಗಳು ಬೇರೆ ದಾರಿ ಹಿಡಿದಿವೆ. ಸಬ್ಲೈಮ್ ಟೆಕ್ಸ್ಟ್ 4 ತನ್ನ 2021ರ ಬಿಡುಗಡೆಯಲ್ಲಿ ಪೈಥಾನ್ 3.3 ಮತ್ತು 3.8 ಎರಡನ್ನೂ ಪ್ರತ್ಯೇಕವಾಗಿ ಓಡಿಸಿತು. ಯಾವುದು ಬೇಕೆಂದು ಪ್ಲಗಿನ್ ಒಂದು ಪುಟ್ಟ ಕಡತದಲ್ಲಿ ಬರೆದಿಟ್ಟರಾಯಿತು. ನಿಯೋವಿಮ್ ಪೈಥಾನ್ ಅನ್ನು ತನ್ನೊಳಗೆ ಇಟ್ಟುಕೊಳ್ಳದೆ ಬೇರೆ ಪ್ರಕ್ರಿಯೆಯಾಗಿ ನಡೆಸುತ್ತದೆ. ಇಮ್ಯಾಕ್ಸ್, ವಿಎಸ್ ಕೋಡ್‌ಗಳಲ್ಲಿ ಪ್ಲಗಿನ್ ತನಗೆ ಬೇಕಾದ ಸಂಪಾದಕದ ಕನಿಷ್ಠ ಆವೃತ್ತಿಯನ್ನು ಘೋಷಿಸುತ್ತದೆ.

2016ರಲ್ಲಿ ಪ್ರಕಟವಾದ ಲ್ಯಾಂಗ್ವೇಜ್ ಸರ್ವರ್ ಪ್ರೋಟೊಕಾಲ್, ಭಾಷೆಯ ವಿಶ್ಲೇಷಣೆಯನ್ನೇ ಸಂಪಾದಕದ ಹೊರಗಿಟ್ಟಿತು. ಆದರೂ ಸ್ಥಾನದ ಲೆಕ್ಕ ಬೆನ್ನು ಬಿಡಲಿಲ್ಲ: ಅದರ ಮೂಲ ನಿಯಮ ಯುಟಿಎಫ್-16. 2022ರ 3.17 ಆವೃತ್ತಿಯಿಂದೀಚೆಗೆ ಯುಟಿಎಫ್-8, ಯುಟಿಎಫ್-32ರ ಲೆಕ್ಕವನ್ನೂ ಸಂಪಾದಕ, ಸರ್ವರ್ ಎರಡೂ ಮಾತಾಡಿಕೊಂಡು ಒಪ್ಪಿಕೊಳ್ಳಬಹುದು.